ಮೂರನೇ ಶೀತಕೋಣೆಯ ಭಾನುವಾರ

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಉರ್ಕ್ ಎಂಬ ಮೀನುಗಾರರ ಊರಿನ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಗಂಡ ರೀಕೆಲ್ಟ್ ಬ್ರಾಂಡ್ಸ್, ಇಪ್ಪತ್ತೊಂಬತ್ತು ವರ್ಷ, ಸ್ವಂತ ದೋಣಿಯ ಮೀನುಗಾರ. ಹೆಂಡತಿ ಫೋಕ್ಯಾ, ಇಪ್ಪತ್ತಾರು. ಹತ್ತು ದಿನಗಳ ಹಿಂದೆ ಅವಳಿಗೆ ಹೆರಿಗೆಯಾಗಿತ್ತು. ಎಂಟು ತಿಂಗಳು ತುಂಬಿದ್ದ ಹೆಣ್ಣುಮಗು, ಹುಟ್ಟುವ ಮೊದಲೇ ಜೀವ ಹೋಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಠಾಣೆಯವರಿಗೂ ಗೊತ್ತಿತ್ತು.

ಮುಂದಿನ ಮೇಜಿನಲ್ಲಿದ್ದವನು ಕಾನ್ಸ್‌ಟೇಬಲ್ ಶೆಫ್. ತೆಂಕಣ ಲಿಂಬರ್ಗ್ ಕಡೆಯವನು, ಕ್ಯಾಥೊಲಿಕ್, ಈ ಕಟ್ಟಾ ಪ್ರಾಟೆಸ್ಟಂಟ್ ಊರಿಗೆ ಹೊರಗಿನವನು, ಬಾಯಿ ಮುಚ್ಚಿ ಕೂರಲು ಬಾರದ ಮನುಷ್ಯ. ಆ ದಿನ ಅವನೂ ಸುಮ್ಮನೆ ಎದ್ದು ಎರಡು ಕುರ್ಚಿ ಎಳೆದ. ಫೋಕ್ಯಾ ಕೂರಲಿಲ್ಲ.

ಇನ್‌ಸ್ಪೆಕ್ಟರ್ ಮೈಂಡರ್ಟ್ ಕೋರ್ಫ್ ತನ್ನ ಕೋಣೆಯಿಂದ ಹೊರಗೆ ಬಂದ. ನಲವತ್ತೇಳು ವರ್ಷದ ಮೈಂಡರ್ಟ್ ಇದೇ ಊರಿನಲ್ಲಿ ಹುಟ್ಟಿದವನು. ಮದುವೆಯಾದ ಮೇಲೆ ಪಕ್ಕದ ಊರಿಗೆ ಮನೆ ಬದಲಿಸಿ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದ. ಆದರೂ ಇಲ್ಲಿನವರಿಗೆ ಅವನು ಇಂದಿಗೂ ಕೋರ್ಫ್ ಮನೆಯ ಹುಡುಗನೇ.

"ಹೇಳು ರೀಕೆಲ್ಟ್."

ರೀಕೆಲ್ಟ್ ಒಂದು ಲಕೋಟೆ ಮೇಜಿನ ಮೇಲಿಟ್ಟ. ಒಳಗೆ ಎರಡು ಹಾಳೆ. ಮೊದಲನೆಯದು ಆಸ್ಪತ್ರೆಯದು: ತಾಯಿಯ ರಕ್ತದಲ್ಲಿ, ಮಗುವಿನ ದೇಹದಲ್ಲಿ ಗರ್ಭದ ಮಗುವನ್ನು ಕೊಲ್ಲಬಲ್ಲ ಲಿಸ್ಟೀರಿಯಾ ಎಂಬ ರೋಗಾಣು ಸಿಕ್ಕಿದೆ. ಎರಡನೆಯದು ಆಹಾರ ಸುರಕ್ಷತಾ ಇಲಾಖೆಯದು: ಅವರ ಮನೆಯ ಫ್ರೀಜರಿನಲ್ಲಿ ಅರ್ಧ ಖಾಲಿಯಾಗಿದ್ದ ಸಿಗಡಿ ಪೊಟ್ಟಣದಲ್ಲೂ ಅದೇ ರೋಗಾಣು, ಅದೇ ತಳಿ. ಪೊಟ್ಟಣದ ಮೇಲಿನ ಹೆಸರು 'ಡ್ರೀ ಮೇವನ್'. ಬಂದರಿನ ಹಿಂದೆ, ವಿಯೆಟ್ನಾಮಿನಿಂದ ಬೇಯಿಸಿ ಹೆಪ್ಪುಗಟ್ಟಿಸಿದ ಸಿಗಡಿ ತರಿಸಿ, ಅರ್ಧ ಕಿಲೋ ಪೊಟ್ಟಣ ಕಟ್ಟಿ ಜರ್ಮನಿ, ಬೆಲ್ಜಿಯಂ ಅಂಗಡಿಗಳಿಗೆ ಕಳಿಸುವ ಕಂಪನಿ.

"ಎಲ್ಲಿ ತಗೊಂಡ್ರಿ?"

"ಅವರ ಫ್ಯಾಕ್ಟರಿ ಅಂಗಡೀಲೇ. ಫೆಬ್ರವರಿ 22, ಶನಿವಾರ. ನನ್ನ ಹುಟ್ಟಿದಹಬ್ಬ ಇತ್ತು," ಎಂದಳು ಫೋಕ್ಯಾ.

"ಹೇಗೆ ತಿಂದಿರಿ?"

"ಕರಗಿಸಿ ತಣ್ಣಗೇ ತಿಂದೆ. ಸಾಸ್ ಹಾಕಿ ಬ್ರೆಡ್ ಮೇಲೆ. ಬೇಯಿಸಿದ್ದು ಅಂತ ಪೊಟ್ಟಣದ ಮೇಲೇ ಬರೆದಿತ್ತು ಸರ್. ದಾದಿ ಹಸಿಮೀನು ಬೇಡ ಅಂದಿದ್ರು. ಇದು ಹಸಿ ಅಲ್ಲವಲ್ಲ?"

ಶೆಫ್ ದೂರಿನ ಹಾಳೆ ಎಳೆದುಕೊಂಡ.

"ದೂರು ಯಾರ ಮೇಲೆ ಬರೆಯೋಣ?" ಶೆಫ್ ಮೆಲ್ಲಗೆ ಕೇಳಿದ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ರೀಕೆಲ್ಟ್ ನೆಲ ನೋಡುತ್ತ ಹೇಳಿದ: "ಜನವರಿ 26ಕ್ಕೆ ನಾನು ಭಾನುವಾರ ರಾತ್ರಿಯೇ ದೋಣಿ ಬಿಟ್ಟೆ ಮೈಂಡರ್ಟ್. ಬಿರುಗಾಳಿ ಬರ್ತಿತ್ತು, ಅದಕ್ಕೆ ಮುಂಚೆ ದಾಟಬೇಕಿತ್ತು. ಹನ್ನೆರಡು ಹೊಡೆದು ಭಾನುವಾರ ಮುಗಿಯೋಕೆ ಇನ್ನೂ ಮೂರು ಗಂಟೆ ಇತ್ತು. ಭಾನುವಾರ ಕೆಲಸ ಮಾಡಿದ ಪಾಪಕ್ಕೆ ಚರ್ಚಿನ ಹಿರಿಯರ ಸಭೆ ಕೂತು, ರೊಟ್ಟಿ, ದ್ರಾಕ್ಷಾರಸ ಹಂಚೋ ಕರ್ತನ ಭೋಜನದಿಂದ ನನ್ನನ್ನ ಹೊರಗಿಟ್ರು. ಫೆಬ್ರವರಿ ಒಂಬತ್ತಕ್ಕೆ ಚರ್ಚಲ್ಲಿ ಎಲ್ಲರ ಮುಂದೆ ನನ್ನ ಹೆಸರು ಓದಿದ್ರು. ತಿಂಗಳೊಳಗೆ ಮಗು ಹೋಯ್ತು."

"ಎದುರಿಗೆ ಯಾರೂ ಏನೂ ಅನ್ನಲ್ಲ," ಎಂದಳು ಫೋಕ್ಯಾ. "ಬೇಕರಿಗೆ ನಾನು ಕಾಲಿಟ್ರೆ ಮಾತು ನಿಲ್ಲುತ್ತೆ. ಹಿರಿಯರ ಸಭೆಯ ಲುಬ್ಬರ್ಟ್ ಮಾಮ ಸಾಂತ್ವನ ಹೇಳೋಕೆ ಮನೆಗೆ ಬಂದಿದ್ರು. ಇದು ಆ ಭಾನುವಾರಕ್ಕೆ ಶಿಕ್ಷೆನಾ ಮಾಮ ಅಂತ ಕೇಳಿದೆ. ಅವರು ಬಹಳ ಹೊತ್ತು ಕೂತಿದ್ರು, ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಯಾರನ್ನ ಜೈಲಿಗೆ ಹಾಕ್ತೀರೋ ಬಿಡ್ತೀರೋ ನನಗೆ ಬೇಡ ಸರ್. ಇದು ದೇವರು ಮಾಡಿದ್ದಾ ಮನುಷ್ಯರು ಮಾಡಿದ್ದಾ, ಅಷ್ಟು ಹೇಳಿ."

ಒಂಬತ್ತು ಐವತ್ತಕ್ಕೆ ಎಫ್.ಐ.ಆರ್. ದಾಖಲಾಯಿತು. ಆರೋಪಿ ಎಂಬ ಕಡೆ ಶೆಫ್ 'ಅಪರಿಚಿತ' ಎಂದು ಬರೆದ. ಬರೆದು, ಪೆನ್ನು ಕೆಳಗಿಟ್ಟು, ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬಂದ.

ಅದೇ ದಿನ ಹನ್ನೊಂದೂವರೆಗೆ ಇಬ್ಬರೂ ಡ್ರೀ ಮೇವನ್‌ಗೆ ಹೋದರು. ಆಹಾರ ಇಲಾಖೆಯವರು ಮೂರು ದೇಶಗಳ ಅಂಗಡಿಗಳಿಂದ ಆ ಸರಕಿನ ಪೊಟ್ಟಣಗಳನ್ನು ವಾಪಸ್ ತರಿಸತೊಡಗಿದ್ದರು. ಜರ್ಮನಿಯ ಒಂದು ವೃದ್ಧಾಶ್ರಮದ ಇಬ್ಬರು ಹೆಂಗಸರು ಆಸ್ಪತ್ರೆ ಸೇರಿದ್ದರು. ಯಜಮಾನ ಹೆಸ್ಸೆಲ್ ಅಂಗಳದಲ್ಲೇ ನಿಂತಿದ್ದ. ಮೂರು ದಿನದಿಂದ ಗಡ್ಡ ಹೆರೆದಿರಲಿಲ್ಲ.

"ವಿಯೆಟ್ನಾಮಿಂದ ಹೊರಡುವಾಗ ಪರೀಕ್ಷೆ ಆಗಿದೆ, ರಾಟರ್‌ಡ್ಯಾಮ್ ಬಂದರಲ್ಲಿ ಆಗಿದೆ. ಎರಡೂ ಕಡೆ ಸರಿ ಅಂತ ಕಾಗದ ಇದೆ. ಫೆಬ್ರವರಿ ಐದಕ್ಕೆ ಇಪ್ಪತ್ತೆರಡು ಟನ್ ಇಲ್ಲಿ ಇಳಿಸಿದ್ದೀವಿ."

"ಎಲ್ಲಿ ಇಟ್ರಿ?"

"ಮೂರನೇ ಕೋಣೇಲಿ. ಹದಿನೇಳಕ್ಕೆ ಪೊಟ್ಟಣ ಕಟ್ಟೋಕೆ ಶುರು ಮಾಡಿದ್ದು."

"ಅಂದರೆ ಕೆಟ್ಟಿದ್ದು ಆ ಹನ್ನೆರಡು ದಿನದೊಳಗೆ."

ಹೆಸ್ಸೆಲ್ ಒಳಗಡೆಗೆ ತಿರುಗಿ ಕೂಗಿ ಕರೆದ: "ಲುಬ್ಬರ್ಟ್!"

ಲುಬ್ಬರ್ಟ್ ವಾಕ್ಕರ್ ಬಂದರು. ಅರವತ್ತೊಂದು ವರ್ಷ, ಶೀತಕೋಣೆಗಳ ಮೇಸ್ತ್ರಿ, ಈ ಕಂಪನಿಯಲ್ಲಿ ಮೂವತ್ತೆಂಟು ವರ್ಷ. ಚರ್ಚಿನ ಹಿರಿಯರಲ್ಲಿ ಒಬ್ಬರು. ಚಿಕ್ಕಂದಿನಲ್ಲಿ ಮೈಂಡರ್ಟ್‌ನಿಗೆ ಬೈಬಲ್ ಪಾಠ ಬಾಯಿಪಾಠ ಮಾಡಿಸಿದವರು. ಉದ್ದ ಮೈಕಟ್ಟು, ಚಳಿಗೆ ಒಡೆದ ಕೈಗಳು.

"ಬಾ ಮೈಂಡರ್ಟ್," ಎಂದರು. "ತಾಯಿ ಹೇಗಿದ್ದಾಳೆ?"

"ಹಾಗೇ ಇದ್ದಾಳೆ ಮಾಮ. ಕೋಣೆ ತೋರಿಸಿ."

ಮೂರನೇ ಕೋಣೆ ಹಳೆಯದು. ತಾಪಮಾನ ತಾನೇ ಬರೆದಿಡುವ ಯಂತ್ರ ಡಿಸೆಂಬರಿನಲ್ಲೇ ಕೆಟ್ಟಿತ್ತು. ಬದಲಿಗೆ ಬಾಗಿಲ ಪಕ್ಕ ಒಂದು ಹಲಗೆಗೆ ಸಿಕ್ಕಿಸಿದ ಹಾಳೆ. ದಿನಕ್ಕೆ ನಾಲ್ಕು ಬಾರಿ ಲುಬ್ಬರ್ಟ್ ಇಲ್ಲವೇ ಹೊರ ಊರಿನ ಕೆಲಸದವರಲ್ಲಿ ಒಬ್ಬರು ಬಂದು, ಗಾಜಿನೊಳಗಿನ ಮುಳ್ಳು ನೋಡಿ, ಹೊತ್ತು ಬರೆದು, ಅಂಕಿ ಬರೆದು, ಪಕ್ಕದಲ್ಲಿ ತಮ್ಮ ಗುರುತು ಹಾಕಬೇಕು. ಫೆಬ್ರವರಿಯ ಹಾಳೆ ಉದ್ದಕ್ಕೂ ಅಚ್ಚುಕಟ್ಟು. ಮೈನಸ್ ಇಪ್ಪತ್ತು, ಮೈನಸ್ ಇಪ್ಪತ್ತೊಂದು, ಮತ್ತೆ ಮೈನಸ್ ಇಪ್ಪತ್ತು.

ಮೂಲೆಯಲ್ಲಿ ಕಟ್ಟದೇ ಉಳಿದಿದ್ದ ಹದಿನಾರು ಪೆಟ್ಟಿಗೆಗಳಿದ್ದವು. ಶೆಫ್ ಒಂದನ್ನು ಒಡೆದು ಕೈ ಹಾಕಿದ. ಸರಿಯಾಗಿ ಹೆಪ್ಪುಗಟ್ಟಿದ ಸಿಗಡಿ ಬಟಾಣಿಯಂತೆ ಬಿಡಿಬಿಡಿಯಾಗಿ ಉದುರಬೇಕು. ಇದು ಇಟ್ಟಿಗೆಯಂತೆ ಒಂದೇ ಗಟ್ಟಿ. ರಟ್ಟಿನ ತಳ ನೆನೆದು ಸೊಟ್ಟಗಾಗಿ, ಹಾಗೆಯೇ ಮರಳಿ ಹೆಪ್ಪುಗಟ್ಟಿತ್ತು.

"ಒಂದ್ಸಲ ಕರಗಿ ನೀರಾಗಿದೆ," ಎಂದ ಶೆಫ್. "ನಮ್ಮಮ್ಮ ಫ್ರಿಜ್ ಕೆಟ್ಟಾಗ ಐಸ್‌ಕ್ರೀಂ ಹೀಗೇ ಮಾಡಿಡ್ತಿದ್ಲು."

ಲುಬ್ಬರ್ಟ್ ಪೆಟ್ಟಿಗೆಯನ್ನು ನೋಡಿದರು. "ಇರಬಹುದು," ಎಂದರು.

ಮಧ್ಯಾಹ್ನ ಒಂದು ಗಂಟೆಗೆ, ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಬರೆದು ಪೆಟ್ಟಿಗೆಗಳನ್ನೂ ತಾಪಮಾನದ ಹಾಳೆಯನ್ನೂ ವಶಕ್ಕೆ ತೆಗೆದುಕೊಂಡರು.

ಮಾರ್ಚ್ 20, ಗುರುವಾರ. ಶೀತಕೋಣೆಗಳ ಎಚ್ಚರಿಕೆ ಗಂಟೆ ನೋಡಿಕೊಳ್ಳುವ ಸಂಸ್ಥೆ ಬೇರೆ ಊರಿನಲ್ಲಿತ್ತು. ಅಲ್ಲಿಂದ ಒಂದು ಪುಟದ ಉತ್ತರ ಬಂತು. ಕೋಣೆ ಕಾವೇರಿದರೆ ಯಂತ್ರ ತಾನಾಗಿ, ಆ ದಿನ ಕಾಯುವವರ ಬಳಿ ಇರುವ ಡ್ಯೂಟಿ ಫೋನಿಗೆ ಕರೆ ಮಾಡುತ್ತದೆ. ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 10:21ಕ್ಕೆ ಮೂರನೇ ಕೋಣೆಯಿಂದ ಕರೆ ಹೋಗಿತ್ತು. ಆಗ ಒಳಗೆ ಮೈನಸ್ ಹನ್ನೆರಡು. ಒಂಬತ್ತು ಸೆಕೆಂಡ್ ಬಡಿದುಕೊಂಡ ಮೇಲೆ ಯಾರೋ ಕೈಯಿಂದ ಒತ್ತಿ ಕರೆ ತುಂಡರಿಸಿದ್ದರು. 10:31ಕ್ಕೆ ಮತ್ತೆ ಕರೆ, ಫೋನ್ ಆಫ್ ಆಗಿತ್ತು. 10:41ಕ್ಕೂ ಆಫ್ ಆಗಿತ್ತು. ಯಜಮಾನನ ಮನೆಗೂ ಕರೆ ಹೋಗಿತ್ತು, ಮನೆಯವರೆಲ್ಲ ಚರ್ಚಿನಲ್ಲಿದ್ದರು. ಯಂತ್ರಕ್ಕೆ ಕಲಿಸಿದ್ದು ಅಷ್ಟೇ, ಅದು ಸುಮ್ಮನಾಗಿತ್ತು.

ರಿಪೇರಿಯವನು ಬಂದು ನೋಡಿ ಹೇಳಿದ: ಕೊಳವೆಗೆ ಕಟ್ಟುವ ಮಂಜು ಕರಗಿಸಲು ಆಗಾಗ ಬಿಸಿಗಾಳಿ ಬಿಡುವ ಒಂದು ಏರ್ಪಾಡಿದೆ, ಅದರ ಸ್ವಿಚ್ ಸಿಕ್ಕಿಕೊಂಡಿತ್ತು. ಹತ್ತೂವರೆಗೆ ಬಂದು ಅದನ್ನು ಕೈಯಿಂದ ಆರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಸೋಮವಾರ ಬೆಳಗಿನವರೆಗೆ ಬಿಟ್ಟರೆ ಗೋಡೆಯ ಬದಿಯ ಪೆಟ್ಟಿಗೆಗಳು ಕರಗಿ ಬೆಚ್ಚಗಾಗುತ್ತವೆ.

ಆದರೆ ಹಾಳೆಯಲ್ಲಿ ಆ ಭಾನುವಾರದ ಸಾಲಿನಲ್ಲಿ ನಾಲ್ಕು ಅಂಕಿಗಳೂ ಮೈನಸ್ ಇಪ್ಪತ್ತೇ. ಪಕ್ಕದ ಗುರುತು 'ಬಿ.ವಿ.'

"ಬೊಗ್ದಾನ್," ಎಂದ ಹೆಸ್ಸೆಲ್. "ನಮ್ಮ ಭಾನುವಾರದವನು."

ಈ ಊರಿನವರು ಭಾನುವಾರ ಕೆಲಸ ಮಾಡುವುದಿಲ್ಲ. ದೋಣಿ ಬಿಡುವುದಿಲ್ಲ, ಬಟ್ಟೆ ಒಣಹಾಕುವುದಿಲ್ಲ, ಸೈಕಲ್ ಹತ್ತುವವರೂ ಕಡಿಮೆ. ಆದರೆ ಶೀತಕೋಣೆಗೆ ಭಾನುವಾರ ಗೊತ್ತಿಲ್ಲವಲ್ಲ. ಅದಕ್ಕೆಂದೇ ಹೊರಗಿನವನೊಬ್ಬನನ್ನು ಇಟ್ಟುಕೊಳ್ಳುತ್ತಾರೆ. ಬೊಗ್ದಾನ್ ವೊಯ್ತಾಸ್ ಪೋಲೆಂಡಿನವನು, ಐವತ್ತೆರಡು ವರ್ಷ, ಏಳು ವರ್ಷದಿಂದ ಡ್ರೀ ಮೇವನ್‌ನ ಭಾನುವಾರಗಳನ್ನು ಕಾದವನು. ಗುರುತು ಅವನದೆಂದು ಕಂಡ ಆ ದಿನವೇ ಹೆಸ್ಸೆಲ್ ಅವನನ್ನು ಕೆಲಸದಿಂದ ಬಿಡಿಸಿದ. ಕಂಪನಿ ಕೊಟ್ಟಿದ್ದ ಕೋಣೆಯನ್ನೂ ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು.

ಮಾರ್ಚ್ 21, ಶುಕ್ರವಾರ ಹತ್ತು ಗಂಟೆಗೆ ಬೊಗ್ದಾನ್ ಠಾಣೆಗೆ ಬಂದ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ.

"ಫೆಬ್ರವರಿ ಒಂಬತ್ತಕ್ಕೆ ಎಲ್ಲಿದ್ದೆ?"

"ಮದುವೇಲಿ."

"ಎಲ್ಲಿ?"

"ನಮ್ಮೂರಲ್ಲಿ. ಅಣ್ಣನ ಮಗಳದ್ದು. ಶುಕ್ರವಾರ ಬಸ್ ಹತ್ತಿದೆ, ಮಂಗಳವಾರ ವಾಪಸ್. ವಿಡಿಯೋ ಇದೆ, ನೋಡ್ತೀರಾ?"

ಫೋನಿನಲ್ಲಿ ಬೊಗ್ದಾನ್ ಮೂರು ಮುದುಕಿಯರ ನಡುವೆ ಕುಣಿಯುತ್ತಿದ್ದ. ಶೆಫ್ ತಾರೀಖು ನೋಡಿದ, ಟಿಕೆಟ್ ನೋಡಿದ. "ಪರವಾಗಿಲ್ಲ ಕಣಯ್ಯ, ಸೊಂಟ ಇನ್ನೂ ಚೆನ್ನಾಗಿದೆ," ಎಂದ. ಬೊಗ್ದಾನ್ ನಗಲಿಲ್ಲ.

"ಹಾಳೆ ಮೇಲೆ ನಿನ್ನ ಗುರುತಿದೆಯಲ್ಲ?"

"ನಂದಲ್ಲ ಸರ್. ಯಾರೋ ಹಾಕಿದ್ದಾರೆ."

"ಫೋನ್ ಯಾರ ಹತ್ತಿರ ಇತ್ತು?"

"ರಜಾ ಕೇಳಿದ್ದು ಲುಬ್ಬರ್ಟ್ ಯಜಮಾನ್ರ ಹತ್ತಿರ. ಹೋಗ್ಬಾ, ಮದುವೆ ಏನು ದಿನಾ ಆಗುತ್ತಾ, ನಾನು ನೋಡ್ಕೋತೀನಿ ಅಂದ್ರು. ಫೋನು, ಬೀಗದ ಕೈ ಎರಡೂ ಅವರ ಕೈಗೇ ಕೊಟ್ಟೆ."

"ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ."

ಅದೇ ದಿನ ಮೂರು ಗಂಟೆಗೆ ಲುಬ್ಬರ್ಟ್ ಹೇಳಿಕೆ ಕೊಟ್ಟರು. ರಜೆಯ ಮಾತು ತನಗೆ ನೆನಪಿಲ್ಲ. ಫೋನು ಎಂದಿನಂತೆ ಕಚೇರಿಯ ಡ್ರಾಯರಿನಲ್ಲಿದ್ದಿರಬೇಕು. ಭಾನುವಾರ ಬೆಳಿಗ್ಗೆ ತಾನು ಚರ್ಚಿನಲ್ಲಿದ್ದೆ, ನಾನೂರು ಜನ ನೋಡಿದ್ದಾರೆ.

ಅವರು ಹೋದ ಮೇಲೆ ಮೈಂಡರ್ಟ್ ಹೇಳಿಕೆಯ ಹಾಳೆಯನ್ನು ಕಡತಕ್ಕೆ ಸೇರಿಸಿದ.

"ಆ ಮನುಷ್ಯ ಸುಳ್ಳು ಹೇಳಲ್ಲ ಶೆಫ್. ನನಗೆ ಹತ್ತು ವರ್ಷವಾಗಿದ್ದಾಗ, ನಾನು ಅಂಗಡೀಲಿ ಕದ್ದ ಪೆನ್ಸಿಲ್ಲನ್ನ ವಾಪಸ್ ಕೊಡಿಸಿದವರು."

"ಬೊಗ್ದಾನ್ ಹೇಳ್ತಾನಾ ಸುಳ್ಳು?"

"ಗೊತ್ತಿಲ್ಲ. ಇನ್ಯಾರೋ ಮೂರನೆಯವರು ಡ್ರಾಯರಿಂದ ತೆಗೆದಿರಬಹುದು."

"ತೆಗೆದು, ಕರೆ ಕತ್ತರಿಸಿ, ಹಾಳೆ ತುಂಬಿಸಿ, ಪಾಪದ ಪೋಲೆಂಡಿನವನ ಗುರುತು ಹಾಕಿದ್ರಾ? ಯಾವ ಕಳ್ಳ ಸಾರ್ ಇಷ್ಟು ಕೆಲಸ ಮಾಡ್ತಾನೆ?"

ಹತ್ತು ದಿನ ಕೇಸು ಅಲ್ಲೇ ನಿಂತಿತು. ಗುರುತಿನ ಎರಡಕ್ಷರದಿಂದ ಬರಹ ಯಾರದೆಂದು ಹೇಳಲಾಗದು ಎಂದು ತಜ್ಞರು ಬರೆದು ಕಳಿಸಿದರು. ಫೋಕ್ಯಾ ಒಂದು ದಿನ ಬಿಟ್ಟು ಒಂದು ದಿನ ಠಾಣೆಗೆ ಬರುತ್ತಿದ್ದಳು. ಬಂದು ಬಾಗಿಲ ಬಳಿ ನಿಂತು, ಶೆಫ್ ತಲೆಯಲ್ಲಾಡಿಸುವುದನ್ನು ನೋಡಿ ಹಿಂದಿರುಗುತ್ತಿದ್ದಳು. ಕೊನೆಗೆ ರೀಕೆಲ್ಟ್ ಒಬ್ಬನೇ ಬಂದು, "ಅವಳು ಊಟ ಬಿಟ್ಟಿದ್ದಾಳೆ. ದೋಣಿ ಬಿಟ್ಟ ತಪ್ಪು ನಂದು, ಶಿಕ್ಷೆ ಮಗುಗೆ ಅಂತಾಳೆ. ನಾನು ಏನು ಹೇಳ್ಲಿ?" ಎಂದು ಕೇಳಿ ಹೋದ.

ಏಪ್ರಿಲ್ 1, ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಶೆಫ್ ಫೆಬ್ರವರಿಯ ಹಾಳೆಯನ್ನೂ ಜನವರಿಯ ಹಾಳೆಯನ್ನೂ ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದ. ಕಾಫಿ ಆರಿ ಹೋಗಿತ್ತು.

"ಸಾರ್, ಸ್ವಲ್ಪ ಬನ್ನಿ. ಅಂಕಿ ನೋಡ್ಬೇಡಿ, ಹೊತ್ತು ನೋಡಿ. ಬೊಗ್ದಾನ್ ಭಾನುವಾರ ಯಾವ್ಯಾವಾಗ ಬರೀತಾನೆ? ಆರು, ಹತ್ತು, ಎರಡು, ಸಂಜೆ ಆರು. ಜನವರಿಯ ನಾಲ್ಕು ಭಾನುವಾರವೂ ಹಾಗೇ. ಫೆಬ್ರವರಿಯ ಉಳಿದ ಮೂರೂ ಹಾಗೇ. ನಾಲ್ಕು ಗಂಟೆಗೊಂದು. ಇದೊಂದು ಭಾನುವಾರ ಓದಿ."

ಮೈಂಡರ್ಟ್ ಓದಿದ. "ಎಂಟು, ಹನ್ನೆರಡು, ಮೂರು, ಏಳು."

"ಏನನ್ನಿಸುತ್ತೆ?"

"ಏನೂ ಅನ್ನಿಸಲ್ಲ. ಸರಿಯಾಗೇ ಇದೆಯಲ್ಲ."

"ನನಗೆ ಸರಿ ಅನ್ನಿಸಲ್ಲ! ಎಂಟಾದ್ಮೇಲೆ ಹನ್ನೆರಡು, ಸರಿ. ಹನ್ನೆರಡಾದ್ಮೇಲೆ ಮೂರು ಯಾಕೆ, ನಾಲ್ಕಾಗಬೇಕಿತ್ತು. ಆಮೇಲೆ ಏಳು. ನಾಲ್ಕರಿಂದ ಏಳರ ನಡುವೆ ಯಾಕೆ ಬರಲಿಲ್ಲ?"

"ಐದಕ್ಕೆ ಚರ್ಚ್ ಇರುತ್ತಲ್ಲ," ಎಂದ ಮೈಂಡರ್ಟ್, ಯೋಚಿಸದೆ.

ಹೇಳಿದ ಮೇಲೆ ತಾನೇ ನಿಂತುಬಿಟ್ಟ.

ಒಂಬತ್ತೂವರೆಗೆ ಬೆಳಗಿನ ಆರಾಧನೆ, ಹನ್ನೊಂದು ಕಳೆಯುವವರೆಗೆ. ಐದಕ್ಕೆ ಸಂಜೆಯದು, ಆರೂವರೆವರೆಗೆ. ಎಂಟು ಎಂದರೆ ಹೊರಡುವ ಮೊದಲು. ಹನ್ನೆರಡು ಎಂದರೆ ಬಂದು ಕಾಫಿ ಕುಡಿದ ಮೇಲೆ. ಮೂರು ಎಂದರೆ ಮಧ್ಯಾಹ್ನದ ನಿದ್ದೆ ಮುಗಿಸಿ. ಏಳು ಎಂದರೆ ಎಲ್ಲ ಮುಗಿದು ಮನೆಗೆ ಬಂದು. ಮೈಂಡರ್ಟ್ ಬೆಳೆದ ಮನೆಯ ಭಾನುವಾರ ಹೀಗೆಯೇ ಇತ್ತು. ಅದಕ್ಕೇ ಅವನ ಕಣ್ಣಿಗೆ ಏನೂ ಎದ್ದು ಕಂಡಿರಲಿಲ್ಲ. ಇದನ್ನು ಬರೆದವನು ಸೋಮವಾರ ಕೂತು ಸುಳ್ಳು ಬರೆದಿದ್ದ. ಸುಳ್ಳಿನಲ್ಲೂ ಅವನ ಕೈ ಚರ್ಚಿನ ಹೊತ್ತಿಗೆ ಶೀತಕೋಣೆಯ ಮುಂದೆ ನಿಲ್ಲಲು ಒಪ್ಪಿರಲಿಲ್ಲ.

"ಊರಿನವರೇ," ಎಂದ ಮೈಂಡರ್ಟ್. "ಹಾಳೆ ಮುಟ್ಟೋ ಊರಿನವರು ಎಷ್ಟು ಜನ?"

"ಒಬ್ಬರೇ ಸಾರ್."

ಅನುಮಾನ ಸಾಕ್ಷಿಯಲ್ಲ. ಫೋನ್ ಯಾರ ಕೈಯಲ್ಲಿತ್ತೆಂದು ತೋರಿಸಬೇಕಿತ್ತು. 10:21ಕ್ಕೆ ಲುಬ್ಬರ್ಟ್ ಚರ್ಚಿನಲ್ಲಿದ್ದರು, ಅದು ಅವರೇ ಹೇಳಿದ ಮಾತು. ಹಾಗಾದರೆ ಫೋನೂ ಚರ್ಚಿನಲ್ಲಿರಬೇಕು.

ಏಪ್ರಿಲ್ 2, ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಹಿರಿಯರ ಸಾಲಿನ ಸರಿಯಾಗಿ ಹಿಂದೆ ನಲವತ್ತು ವರ್ಷದಿಂದ ಕೂರುವ ಹಿಲೆಚ್ಯಾ ಅಜ್ಜಿಯ ಮನೆ. ಎಂಬತ್ತೊಂದು ವರ್ಷ. ಕಾಫಿ, ಬಿಸ್ಕತ್ತು ಬಂದ ಮೇಲೆಯೇ ಪ್ರಶ್ನೆ ಕೇಳಲು ಬಿಟ್ಟಳು.

"ಫೆಬ್ರವರಿ ಒಂಬತ್ತು ನೆನಪಿದೆಯಾ ಅಜ್ಜಿ?"

"ರೀಕೆಲ್ಟ್ ಹುಡುಗನ ಹೆಸರು ಓದಿದ ದಿನ. ಮರೆಯೋದುಂಟಾ? ನನಗೇನು ತಲೆ ಕೆಟ್ಟಿದೆಯಾ ಮೈಂಡರ್ಟ್? ನೀನು ಚರ್ಚ್ ಬಿಟ್ಟು ಹದಿನೆಂಟು ವರ್ಷ ಆಯ್ತು, ಅದೂ ನೆನಪಿದೆ."

"ಅವತ್ತು ಫೋನ್ ಏನಾದರೂ ಸದ್ದು ಮಾಡ್ತಾ?"

ಅಜ್ಜಿ ಬಿಸ್ಕತ್ತು ಕೆಳಗಿಟ್ಟಳು. "ಸದ್ದಲ್ಲ. ಜೇನುಹುಳ ಗುಂಯ್ ಅಂದ ಹಾಗೆ. ಉಪದೇಶ ಶುರುವಾಗಿತ್ತು. ಉಪದೇಶ ಕೇಳ್ತಾ ಚೀಪೋ ಮೊದಲನೇ ಪೆಪ್ಪರ್‌ಮಿಂಟ್ ಮುಗಿದಿತ್ತು, ಎರಡನೇದು ಬಾಯಿಗೆ ಹಾಕ್ಕೊಳ್ತಿದ್ದೆ. ನನ್ನ ಲೆಕ್ಕ ತಪ್ಪಲ್ಲ, ಎರಡನೇದು ಹತ್ತು ಇಪ್ಪತ್ತಕ್ಕೆ. ಚಳಿಗಾಲದಲ್ಲಿ ಜೇನುಹುಳ ಎಲ್ಲಿಂದ ಬಂತು ಅಂದ್ಕೊಂಡೆ. ಅಷ್ಟರಲ್ಲಿ ಲುಬ್ಬರ್ಟ್ ಎದೆ ಹಿಡ್ಕೊಂಡ."

"ಎದೆ?"

"ಕೋಟಿನ ಮೇಲಿಂದ ಹೀಗೆ ಒತ್ತಿ ಹಿಡ್ಕೊಂಡ. ಆಮೇಲೆ ಕೈ ಒಳಗೆ ಹಾಕಿದ. ಗುಂಯ್ ನಿಂತಿತು. ಕಿವಿ ಎಲ್ಲ ಕೆಂಪಾಗಿತ್ತು. ಎದೆನೋವಿರಬೇಕು ಪಾಪ ಅಂತ ಹೊರಗೆ ಬಂದಮೇಲೆ ಕೇಳಿದೆ. ಏನಿಲ್ಲ ಹಿಲೆಚ್ಯಾ, ಗ್ಯಾಸು ಅಂದ." ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. "ಯಾಕಪ್ಪ? ಅವನಿಗೆ ಏನಾದರೂ ಆಯ್ತಾ?"

ಹೇಳಿಕೆಗೆ ಅವಳು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಯಾವುದಕ್ಕೆ ಹಾಕಿದೆನೆಂದು ಗೊತ್ತಾಗಿದ್ದು ಮರುದಿನ.

ಏಪ್ರಿಲ್ 3, ಗುರುವಾರ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಲುಬ್ಬರ್ಟ್ ವಾಕ್ಕರ್ ಅವರನ್ನು ಅವರ ಮನೆಯಲ್ಲಿ ಬಂಧಿಸಲಾಯಿತು. ಆಲೂಗಡ್ಡೆ ಬೇಯಿಸಿ ಬಸಿದು ಮೇಜಿಗೆ ಬಂದಿತ್ತು. ಹೆಂಡತಿ ತಟ್ಟೆ ಇಡುತ್ತಿದ್ದಳು. ಮೈಂಡರ್ಟ್ ಬಾಗಿಲಲ್ಲಿ ನಿಂತು ಹಾಳೆಯ ನಾಲ್ಕು ಹೊತ್ತುಗಳನ್ನು ಓದಿದ, ಅಷ್ಟೇ. ಲುಬ್ಬರ್ಟ್ ಕರವಸ್ತ್ರ ಮಡಿಸಿಟ್ಟು ಎದ್ದರು.

"ನಾನು ಕಾಯ್ತಾ ಇದ್ದೆ," ಎಂದರು.

ಹೇಳಿಕೆ ಎರಡು ಗಂಟೆಗೆ ಶುರುವಾಯಿತು.

"ಫೋನ್ ನಿಮ್ಮ ಹತ್ತಿರ ಇತ್ತಾ?"

"ಇತ್ತು. ಬೊಗ್ದಾನ್‌ಗೆ ಮಾತು ಕೊಟ್ಟಿದ್ದೆ."

"ಕರೆ ಬಂದಾಗ ಏನು ಅಂತ ಗೊತ್ತಾಯ್ತಾ?"

"ಆ ಫೋನಿಗೆ ಬೇರೆ ಯಾರೂ ಮಾಡಲ್ಲ."

"ಯಾಕೆ ಹೋಗಲಿಲ್ಲ?"

"ರೀಕೆಲ್ಟ್ ವಿಷಯ ಓದಿ ಹತ್ತು ನಿಮಿಷ ಆಗಿರಲಿಲ್ಲ. ಅವನನ್ನ ಹೊರಗಿಡಬೇಕು ಅಂತ ಸಭೇಲಿ ಗಟ್ಟಿಯಾಗಿ ಹೇಳಿದವನು ನಾನೇ. ಭಾನುವಾರ ಕೆಲಸಕ್ಕೆ ಹೋದವನು ಅಂತ. ಅದನ್ನ ಓದಿದ ಆರಾಧನೆ ನಡುವೇನೇ ನಾನು ಎದ್ದು ಕೆಲಸಕ್ಕೆ ಹೋಗೋದಾ?"

"ಅನಿವಾರ್ಯ ಕೆಲಸಕ್ಕೆ ಅಡ್ಡಿಯಿಲ್ಲ ಅಂತ ನಮಗೆ ಕಲಿಸಿದವರು ನೀವೇ ಮಾಮ."

"ಕಲಿಸಿದ್ದೆ."

"ಆರಾಧನೆ ಮುಗಿದ ಮೇಲೆ?"

"ಬಂದರಿನ ದಾರಿ ತುಂಬ ಜನ ಇರ್ತಾರೆ. ಎಲ್ಲರೂ ಅಲ್ಲೇ ಓಡಾಡೋದು. ಸುಳ್ಳು ಗಂಟೆ ಇರಬಹುದು, ಹಳೇ ಯಂತ್ರ ಅಂತ ಅಂದ್ಕೊಂಡೆ. ರಾತ್ರಿ ಹನ್ನೆರಡು ಹೊಡೆದು ಭಾನುವಾರ ಮುಗಿದ ಮೇಲೆ ಹೋಗೋಣ ಅಂತ ಕೂತಿದ್ದೆ. ನಿದ್ದೆ ಬಂದುಬಿಡ್ತು ಮೈಂಡರ್ಟ್."

"ಸೋಮವಾರ ಎಷ್ಟು ಹೊತ್ತಿಗೆ ಹೋದ್ರಿ?"

"ನಾಲ್ಕು ನಲವತ್ತು. ಬಾಗಿಲು ತೆಗೆದರೆ ನೀರು ತೊಟ್ಟಿಕ್ತಿತ್ತು. ಬಿಸಿಗಾಳಿ ಆರಿಸಿದೆ. ನೆಲ ಒರೆಸಿದೆ. ಹಾಳೆ ತುಂಬಿದೆ."

"ಮಾಲು ಎಸೆಯಬಹುದಿತ್ತಲ್ಲ?"

"ಎಸೆದರೆ ಯಾಕೆ ಅಂತ ಕೇಳ್ತಾರೆ. ಗಂಟೆ ಹೊಡೆದಾಗ ಎಲ್ಲಿದ್ದೆ ಅಂತ ಕೇಳ್ತಾರೆ. ಬೇಯಿಸಿದ ಸಿಗಡಿ, ಒಂದ್ಸಲ ಕರಗಿದರೆ ಏನಾಗುತ್ತೆ, ಜನ ಮತ್ತೆ ಬೇಯಿಸಿ ತಿಂತಾರೆ ಅಂತ ನನಗೆ ನಾನೇ ಹೇಳ್ಕೊಂಡೆ."

"ಬೊಗ್ದಾನ್ ಮೇಲೆ ಹೊರಿಸಬೇಕು ಅಂತಲೇ ಅವನ ಗುರುತು ಹಾಕಿದ್ರಾ?"

"ಇಲ್ಲ. ಭಾನುವಾರದ ಸಾಲಲ್ಲಿ ಯಾವಾಗಲೂ ಅವನದೇ ಇರುತ್ತೆ, ಹಾಕಿದೆ. ಅವನನ್ನ ತೆಗೆದ್ರು ಅಂದಾಗ ಸುಮ್ಮನಿದ್ದೆ. ಅದು ಬೇಕು ಅಂತಲೇ ಮಾಡಿದ್ದು. ಹಾಗೇ ಬರ್ಕೊ."

ಶೆಫ್ ಹಾಗೇ ಬರೆದುಕೊಂಡ.

ಅದೇ ಸಂಜೆ ಐದಕ್ಕೆ ಮೈಂಡರ್ಟ್ ಫೋಕ್ಯಾಳ ಮನೆಗೆ ಹೋದ. ತೊಟ್ಟಿಲನ್ನು ಬಿಚ್ಚಿ ಹಲಗೆಗಳನ್ನು ಗೋಡೆಗೆ ಒರಗಿಸಿದ್ದರು. ಅವನು ಎಲ್ಲವನ್ನೂ ತಾರೀಖಿನ ಪ್ರಕಾರ ಹೇಳಿದ. ರೀಕೆಲ್ಟ್ ಎದ್ದು ಹಿತ್ತಿಲಿಗೆ ಹೋಗಿಬಿಟ್ಟ. ಫೋಕ್ಯಾ ಕೊನೆಯವರೆಗೆ ಕೇಳಿದಳು.

"ನಮ್ಮನೆಗೆ ಬಂದು ಕೂತಿದ್ದಾಗ ಅವರಿಗೆ ಗೊತ್ತಿತ್ತಾ?"

"ಪೊಟ್ಟಣದ ವಿಷಯ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೆ ಮೇಜಿನ ಮೇಲೆ ನೀನು ಹುಟ್ಟಿದಹಬ್ಬದ ಫೋಟೋ ಇಟ್ಟಿದ್ದೆಯಂತೆ. ಅದರಲ್ಲಿ ಸಿಗಡಿ ತಟ್ಟೆ ಇತ್ತಂತೆ. ಅದನ್ನ ನೋಡ್ತಾನೇ ಕೂತಿದ್ದೆ ಅಂದರು."

ಅವಳು ತಲೆಯಾಡಿಸಿದಳು. ಗೋಡೆಗೆ ಒರಗಿಸಿದ್ದ ತೊಟ್ಟಿಲ ಹಲಗೆಯೊಂದನ್ನು ನೇರ ಮಾಡಿ ಹೇಳಿದಳು:

"ದೇವರಾಗಿದ್ರೆ ಚೆನ್ನಾಗಿತ್ತು ಸರ್. ಅವನ ಮೇಲಾದರೆ ಸಿಟ್ಟು ಮಾಡ್ಕೊಂಡು, ಅತ್ತು, ಯಾವತ್ತಾದರೂ ಒಂದು ದಿನ ರಾಜಿ ಆಗಬಹುದಿತ್ತು. ಇದು ಬರೀ ಒಬ್ಬ ಮನುಷ್ಯ ನಾಚ್ಕೊಂಡಿದ್ದು. ಇದನ್ನ ನಾನು ಎಲ್ಲಿಟ್ಕೊಳ್ಳಲಿ?"

ಮೈಂಡರ್ಟ್ ಟೋಪಿ ಕೈಗೆತ್ತಿಕೊಂಡ. ಬೊಗ್ದಾನ್‌ನನ್ನು ಮತ್ತೆ ಕೆಲಸಕ್ಕೆ ಕರೆದರೆಂದು ಹೇಳೋಣವೆಂದುಕೊಂಡ, ಆದರೆ ಅದು ನಿಜವಾಗಿರಲಿಲ್ಲ. ಹೆಸ್ಸೆಲ್ ಕಂಪನಿಯ ಬಾಗಿಲನ್ನೇ ಮುಚ್ಚಿದ್ದ. ಬೊಗ್ದಾನ್ ಹಿಂದಿನ ದಿನ ಬಸ್ ಹತ್ತಿದ್ದ.

ಏಪ್ರಿಲ್ 4, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಲುಬ್ಬರ್ಟ್ ಅವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಲೇಲಿಸ್ಟಾಡ್‌ಗೆ ಕರೆದೊಯ್ದರು. ಮೈಂಡರ್ಟ್ ಕಾರು ಓಡಿಸುತ್ತಿದ್ದ, ಶೆಫ್ ಹಿಂದೆ ಅವರ ಪಕ್ಕ ಕೂತಿದ್ದ. ಎರಡೂ ಬದಿ ಸಮತಟ್ಟು ಹೊಲ, ಟ್ಯೂಲಿಪ್ ಇನ್ನೂ ಹಸಿರು ಮೊಗ್ಗು. ಅರ್ಧ ದಾರಿಯಲ್ಲಿ ಶೆಫ್‌ಗೆ ತಡೆಯಲಾಗಲಿಲ್ಲ.

"ಒಂದು ಕೇಳ್ಲಾ ಮಾಮ? ನಾನು ಹೊರಗಿನವನು, ನನಗೆ ಅರ್ಥ ಆಗ್ತಿಲ್ಲ. ನೀವು ಎದ್ದು ಹೊರಗೆ ಹೋಗಿದ್ರೆ ಜನ ಏನಂದ್ಕೊಳ್ಳೋರು? ವಯಸ್ಸಾದವರು, ಪಾಪ, ಹೊಟ್ಟೆ ಕೆಟ್ಟಿದೆ ಅಂದ್ಕೊಳ್ಳೋರು. ಅಷ್ಟೇ ತಾನೇ?"

ಲುಬ್ಬರ್ಟ್ ಹೊರಗೆ ನೋಡುತ್ತಿದ್ದರು.

"ಹೌದು," ಎಂದರು. "ಅಷ್ಟೇ ಅಂದ್ಕೊಳ್ಳೋರು. ಅದು ನನಗೆ ಸೋಮವಾರ ಹೊಳೀತು."

ಮೈಂಡರ್ಟ್ ಕನ್ನಡಿಯಲ್ಲಿ ಅವರನ್ನು ನೋಡಿದ. ಅವರ ತುಟಿ ಇನ್ನೂ ಏನನ್ನೋ ಹೇಳುತ್ತಿತ್ತು. ಅದು ಹೇಳಿಕೆಯಲ್ಲಿ ಸೇರಲಿಲ್ಲ, ಶೆಫ್ ಅದನ್ನು ಬರೆದುಕೊಳ್ಳಲಿಲ್ಲ.

"ಹಿರಿಯರ ಸಾಲಿಂದ ಪಕ್ಕದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಆಮೇಲಿನ ಭಾನುವಾರ ಎಣಿಸಿದೆ. ಆವತ್ತಿಂದ ಪ್ರತಿ ಭಾನುವಾರ ಎಣಿಸ್ತೀನಿ. ಹನ್ನೊಂದೇ."